ಬೆರಳು ಕಲಿತಿದೆ, ಕಿವಿ ಇನ್ನೂ ಕಲಿಯಬೇಕು

ಪ್ರಶ್ನೆ: ನನಗೆ 43 ವರ್ಷ. ಹಾಸನದಲ್ಲಿ ಕೆಲಸ. ಹೋದ ವರ್ಷ ಆನ್‌ಲೈನ್‌ನಲ್ಲಿ ಒಂದು ಅಕೂಸ್ಟಿಕ್ ಗಿಟಾರ್ ತರಿಸಿಕೊಂಡು ಯೂಟ್ಯೂಬ್ ನೋಡಿ ಕಲಿಯುತ್ತಿದ್ದೇನೆ. ಕಾರ್ಡ್‌ಗಳಲ್ಲಿ, ಅಂದರೆ ಕೆಲವು ಸ್ವರ ಒಟ್ಟಿಗೆ ಹಿಡಿಯುವ ಆಕಾರಗಳಲ್ಲಿ, ಜಿ, ಸಿ, ಡಿ, ಇ ಮೈನರ್ ಬರುತ್ತವೆ. ಎಫ್ ಮಾತ್ರ ಎಷ್ಟು ಒತ್ತಿದರೂ ಟಪ್ ಟಪ್ ಅನ್ನುತ್ತೆ. ಮೊಬೈಲ್ ನೋಡದೆ ಒಂದು ಹಾಡನ್ನೂ ಬಾರಿಸೋಕೆ ಆಗಲ್ಲ. ಮಗಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಅವಳ ಜೊತೆ ನುಡಿಸಬೇಕು ಅಂತ ಆಸೆ. ಆದರೆ ಯಾರಾದರೂ ಎದುರಿಗೆ ಕೂತರೆ ಕೈ ನಡುಗುತ್ತೆ. ನೀವು ಇಷ್ಟು ವರ್ಷ ನುಡಿಸುತ್ತ, ಕಲಿಸುತ್ತ ಬಂದವರು. ಹೇಗೆ ಕಲಿತಿರಿ? ಈ ವಯಸ್ಸಿನಲ್ಲಿ ನನಗೆ ಬರುತ್ತಾ? ಗ್ರೇಡ್ ಪರೀಕ್ಷೆ ಕಟ್ಟಬೇಕಾ? ಪಕ್ಕದ ಮನೆ ಹುಡುಗ ‘ನನಗೂ ಹೇಳಿಕೊಡಿ’ ಅಂತಿದ್ದಾನೆ, ಹೇಳಿಕೊಡಬಹುದಾ?

ಉತ್ತರ: ಮೊದಲು ಗಿಟಾರ್‌ನ ವಿಚಾರಣೆ ಮಾಡೋಣ. ನಿಮ್ಮ ವಿಚಾರಣೆ ಆಮೇಲೆ.

ಮನೆಯಲ್ಲಿ ಮಕ್ಕಳ ಸ್ಕೇಲ್ ಇರುತ್ತಲ್ವಾ, ಅದನ್ನು ತಗೊಳ್ಳಿ. ಗಿಟಾರ್‌ನ ಕತ್ತಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳೇ ಫ್ರೆಟ್; 12ನೇ ಫ್ರೆಟ್ ಮೇಲೆ ಸ್ಕೇಲ್ ನಿಲ್ಲಿಸಿ, ದಪ್ಪ ತಂತಿ ಫ್ರೆಟ್‌ನ ಲೋಹದಿಂದ ಎಷ್ಟು ಮೇಲಿದೆ ನೋಡಿ. ಎರಡು, ಎರಡೂವರೆ ಮಿ.ಮೀ. ಇದ್ದರೆ ಸರಿ. ಮೂರಕ್ಕೆ ಹೇಗೋ ಹೊಂದಿಕೊಳ್ಳಬಹುದು. ನಾಲ್ಕು ಇದ್ದರೆ ನೀವು ಒಂದು ವರ್ಷ ಗಿಟಾರ್ ಕಲಿತಿಲ್ಲ, ಕುಸ್ತಿ ಮಾಡಿದ್ದೀರಿ. ಪೆಟ್ಟಿಗೆಯಲ್ಲಿ ಬಂದ ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಇದು ತುಂಬಾ ಸಾಮಾನ್ಯ.

ಇನ್ನೊಂದು ಪರೀಕ್ಷೆ. ಒಂದನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಯನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಎರಡನೇ ಫ್ರೆಟ್‌ನಲ್ಲಿ ಎಫ್ ಹಿಡಿದ ಹಾಗೇ ಹಿಡಿಯಿರಿ. ಇದ್ದಕ್ಕಿದ್ದಂತೆ ಸುಲಭ ಅನ್ನಿಸಿತಾ? ಹಾಗಾದರೆ ತಪ್ಪು ನಿಮ್ಮ ಬೆರಳಿನದಲ್ಲ, ನಟ್‌ನದು. ತಲೆಯ ಹತ್ತಿರ ತಂತಿಗಳು ಕೂರುವ ಆ ಬಿಳಿ ಪಟ್ಟಿಯಲ್ಲಿ ಗೀರುಗಳನ್ನು ಸಾಕಷ್ಟು ಆಳ ಕೊರೆದಿರುವುದಿಲ್ಲ. ಗಿಟಾರ್ ರಿಪೇರಿ ಮಾಡುವವರ ಹತ್ತಿರ ಕೊಟ್ಟು ಸೆಟಪ್ ಮಾಡಿಸಿ. ನೀವೇ ಅರ ಹಿಡಿದು ಕೂರಬೇಡಿ. ನಾನು ಕೂತಿದ್ದೆ. ಎರಡು ಉಜ್ಜು ಜಾಸ್ತಿ ಆಯಿತು, ತಂತಿ ಜಿರ್ರ್ ಅನ್ನೋಕೆ ಶುರು ಮಾಡಿತು. ಅವತ್ತು ರಾತ್ರಿ ಕಾರ್ಯಕ್ರಮ ಬೇರೆ ಇತ್ತು. ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ ನಟ್ ಕೆಳಗೆ ಸಿಕ್ಕಿಸಿ ಬಾರಿಸಿದೆ. ಸೆಟಪ್ ಮಾಡಿಸುವಾಗಲೇ ತಂತಿಯನ್ನೂ ಬದಲಾಯಿಸಿ. ಈಗಿರುವುದು 12ರ ಸೆಟ್ ಆಗಿದ್ದರೆ (ಅಂಕೆ ಚಿಕ್ಕದಾದಷ್ಟೂ ತಂತಿ ತೆಳು) 10 ಅಥವಾ 11ಕ್ಕೆ ಇಳಿಯಿರಿ. ಅದರಲ್ಲಿ ಅವಮಾನ ಏನಿಲ್ಲ.

ಈಗ ಎಫ್. ನಿಮ್ಮ ಗಿಟಾರ್‌ನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ ಸುಮಾರು 650 ಮಿ.ಮೀ. ಇರುತ್ತೆ. ಅದರ ಸರಿಯಾಗಿ ಅರ್ಧಕ್ಕೆ 12ನೇ ಫ್ರೆಟ್. ಒಂದೊಂದು ಫ್ರೆಟ್ ಮೇಲೆ ಹೋದ ಹಾಗೆ ಎರಡು ಫ್ರೆಟ್ ನಡುವಿನ ಮನೆ ಚಿಕ್ಕದಾಗುತ್ತಾ ಹೋಗುತ್ತೆ. ಮೊದಲನೇ ಮನೆಯ ಅಗಲ 36 ಮಿ.ಮೀ. ಮೇಲಿದ್ದರೆ ಐದನೆಯದು ಸುಮಾರು 29. ಅಂದರೆ ಯೂಟ್ಯೂಬ್‌ನವರು ನಿಮ್ಮನ್ನು ಇಡೀ ಗಿಟಾರ್‌ನಲ್ಲಿ ಅತಿ ಕಷ್ಟದ ಜಾಗದಲ್ಲಿ ಬಾರ್ ಕಾರ್ಡ್ (ತೋರುಬೆರಳಿನಿಂದ ಎಲ್ಲ ತಂತಿಯನ್ನೂ ಒತ್ತುವ ಕಾರ್ಡ್) ಕಲಿಯೋಕೆ ಕೂರಿಸಿದ್ದಾರೆ. ಮನೆ ಅಗಲ, ಪಕ್ಕದಲ್ಲೇ ನಟ್ ಇರೋದರಿಂದ ತಂತಿಯೂ ಬಿಗಿ. ಐದನೇ ಫ್ರೆಟ್‌ಗೆ ಹೋಗಿ, ಅದೇ ಆಕಾರ ಹಿಡಿಯಿರಿ. ಅದು ಎ ಮೇಜರ್. ಅಲ್ಲಿ ಆರೂ ತಂತಿ ಸರಿಯಾಗಿ ಮಾತಾಡಿದ ಮೇಲೆ ನಾಲ್ಕಕ್ಕೆ, ಮೂರಕ್ಕೆ ಇಳಿಯಿರಿ. ಒಂದೊಂದು ಮೆಟ್ಟಿಲಿಗೆ ಮೂರು ನಾಲ್ಕು ದಿನ ಕೊಡಿ. ತೋರುಬೆರಳನ್ನು ಚಪ್ಪಟೆಯಾಗಿ ಮಲಗಿಸಬೇಡಿ, ಹೆಬ್ಬೆರಳ ಕಡೆಗೆ ಸ್ವಲ್ಪ ಹೊರಳಿಸಿ. ಪಕ್ಕದ ಮೂಳೆ ಗಟ್ಟಿ ಇರುತ್ತೆ. ಫ್ರೆಟ್ ಲೋಹಕ್ಕೆ ಅಂಟಿಕೊಂಡ ಹಾಗೆ ಒತ್ತಿ. ಶಕ್ತಿ ಹೆಬ್ಬೆರಳಿನ ಚಿವುಟಿನಿಂದ ಬರಬಾರದು. ಮೊಣಕೈಯನ್ನು ಹಿಂದಕ್ಕೆ ಎಳೆದ ಹಾಗೆ, ತೋಳಿನ ತೂಕದಿಂದ ಬರಬೇಕು.

ಅಲ್ಲಿಯವರೆಗೆ ಕೆಳಗಿನ ನಾಲ್ಕು ತಂತಿಯ ಚಿಕ್ಕ ಎಫ್ ಹಿಡಿದರೆ ಸಾಕು. ಆರ್ಕೆಸ್ಟ್ರಾದಲ್ಲಿ ನಾನು ಆರು ತಂತಿಯ ಎಫ್ ಹಿಡಿದದ್ದೇ ಕಡಿಮೆ. ಬೇಸ್ ಗಿಟಾರಿನವನು ಪಕ್ಕದಲ್ಲಿ ಇರುವಾಗ ನನಗ್ಯಾಕೆ ಆ ದಪ್ಪ ಸ್ವರ? ಜಾಂಗೋ ರೈನ್‌ಹಾರ್ಟ್ ಅಂತ ಒಬ್ಬ ಇದ್ದ, ಯುರೋಪಿನ ಜಾಝ್ ಗಿಟಾರ್‌ಗೆ ದೊಡ್ಡ ಹೆಸರು. 1928ರಲ್ಲಿ, ಹದಿನೆಂಟನೇ ವಯಸ್ಸಿಗೆ, ಅವನಿದ್ದ ಬಂಡಿಮನೆಗೆ ಬೆಂಕಿ ಬಿದ್ದು ಎಡಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ಸುಟ್ಟು ಮುರುಟಿಹೋದವು. ಉಳಿದ ಎರಡು ಬೆರಳಿಗೆ ಹೊಂದುವ ಹಾಗೆ ಅವನು ಕಾರ್ಡ್‌ಗಳನ್ನೇ ಬದಲಾಯಿಸಿಕೊಂಡ. ಪುಸ್ತಕದಲ್ಲಿ ಇರುವ ಆಕಾರ ದೇವರ ಅಪ್ಪಣೆ ಅಲ್ಲ ಅನ್ನೋಕೆ ಈ ಮಾತು.

ಇಷ್ಟು ಗಿಟಾರ್‌ನ ತಪ್ಪು. ಈಗ ನಿಮ್ಮದಕ್ಕೆ ಬರ್ತೀನಿ. ನೀವು ಎಫ್ ಬಗ್ಗೆ ಜಾಸ್ತಿ ಬರೆದಿದ್ದೀರಿ. ‘ಮೊಬೈಲ್ ನೋಡದೆ ಬಾರಿಸೋಕೆ ಆಗಲ್ಲ’ ಅನ್ನೋದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ನನ್ನ ಪ್ರಕಾರ ನಿಮ್ಮ ನಿಜವಾದ ಕಾಯಿಲೆ ಅದೇ. ನಿಮ್ಮ ಬೆರಳಿಗೆ ಒಂದು ವರ್ಷ ತುಂಬಿದೆ, ಕಿವಿಗೆ ಇನ್ನೂ ನಾಮಕರಣವೂ ಆಗಿಲ್ಲ.

ನಾನು ಕಲಿತದ್ದು ಹೇಗೆ ಅಂತ ಕೇಳಿದಿರಲ್ಲ, ಅದನ್ನು ಇಲ್ಲೇ ಹೇಳಬೇಕು. ನಾನು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಮೂರು ಮನೆ ಆಚೆ ಒಬ್ಬ ನಿವೃತ್ತ ಗಾರ್ಡ್ ಇದ್ದರು. ಅವರ ಹತ್ತಿರ ಹವಾಯಿಯನ್ ಗಿಟಾರ್ ಇತ್ತು. ಈಗಿನ ಹುಡುಗರು ಅದನ್ನು ನೋಡಿರಲಿಕ್ಕಿಲ್ಲ. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಎಡಗೈಯಲ್ಲಿ ಒಂದು ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಾ ನುಡಿಸೋದು. ಒಂದು ಕಾಲಕ್ಕೆ ನಮ್ಮ ದೇಶದ ಸಣ್ಣ ಪಟ್ಟಣಗಳಲ್ಲೂ ಅದರ ಹುಚ್ಚು ಇತ್ತು. ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲೇ ಹಿಂದೂಸ್ತಾನಿ ನುಡಿಸಿದರು. ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಜೊತೆಗಿನ ಅವರ 1967ರ ರೆಕಾರ್ಡ್ ಮನೆಮನೆಗೂ ಹೋಯಿತು. ವಿಶ್ವಮೋಹನ ಭಟ್ಟರ ಮೋಹನವೀಣೆ ಹುಟ್ಟಿದ್ದೂ ಅದೇ ಬಳ್ಳಿಯಲ್ಲಿ. 1994ರಲ್ಲಿ ಅವರಿಗೆ ಗ್ರ್ಯಾಮಿ ಬಂದಾಗ ನಮ್ಮ ಗಾರ್ಡ್ ಮೇಷ್ಟ್ರು ಇರಲಿಲ್ಲ. ಇದ್ದಿದ್ದರೆ ಕ್ವಾರ್ಟರ್ಸ್‌ಗೆಲ್ಲ ಮೈಸೂರುಪಾಕು ಹಂಚುತ್ತಿದ್ದರು.

ಉಕ್ಕಿನ ತುಂಡಿಗೆ ಫ್ರೆಟ್‌ನ ಆಸರೆ ಇಲ್ಲ. ಕೂದಲೆಳೆ ಆಚೀಚೆ ಆದರೆ ಅಪಸ್ವರ. ಮೇಷ್ಟ್ರು ನನ್ನನ್ನು ಮೂರು ತಿಂಗಳು ಒಂದೇ ತಂತಿಯ ಮೇಲೆ ಕೂರಿಸಿದರು. ‘ಮೊದಲು ಬಾಯಲ್ಲಿ ಹೇಳು. ಆಮೇಲೆ ತಂತೀಲಿ ಹುಡುಕು’ ಅನ್ನೋರು. ನನಗೆ ಸಿಟ್ಟು ಬರೋದು. ಸ್ನೇಹಿತರ ಮುಂದೆ ಸಿನಿಮಾ ಹಾಡು ಬಾರಿಸಬೇಕು ಅಂತ ನನ್ನ ಆಸೆ, ಇವರು ನೋಡಿದರೆ ‘ಸ’ ಬಿಟ್ಟು ಮುಂದೆ ಹೋಗಲ್ಲ. ಆಮೇಲೆ ನಾನು ಫ್ರೆಟ್ ಇರುವ ಗಿಟಾರ್‌ಗೆ ಬಂದೆ. ಆ ಮೂರು ತಿಂಗಳ ಬಡ್ಡಿಯನ್ನು ಇವತ್ತಿಗೂ ತಿನ್ನುತ್ತಿದ್ದೇನೆ.

ಕಾರ್ಡ್ ಕಲಿತದ್ದು ಟೇಪ್ ರೆಕಾರ್ಡರ್‌ನಿಂದ. ಒಂದು ಸಾಲು ಕೇಳೋದು, ನಿಲ್ಲಿಸೋದು, ಹುಡುಕೋದು, ರಿವೈಂಡ್ ಮಾಡೋದು. ಒಂದು ಹಾಡಿಗೆ ಒಂದು ವಾರ. 1986ರ ಗಣೇಶನ ಹಬ್ಬಕ್ಕೆ ಮೊದಲ ಸಲ ಆರ್ಕೆಸ್ಟ್ರಾಗೆ ಕರೆದರು. ಹತ್ತು ಹಾಡು ಉರು ಹೊಡೆದುಕೊಂಡು ರಿಹರ್ಸಲ್‌ಗೆ ಹೋದೆ. ಮೊದಲ ಹಾಡಿನಲ್ಲೇ ನಾನೊಂದು ದಿಕ್ಕು, ಕೀಬೋರ್ಡಿನವರು ಒಂದು ದಿಕ್ಕು. ನಂದೇ ಸರಿ ಅಂತ ವಾದ ಮಾಡಿದೆ. ಅವರು ನನ್ನ ಆರನೇ ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪನೆಯದನ್ನು, ಒಮ್ಮೆ ಮೀಟಿ, ಕೀಬೋರ್ಡ್‌ನಲ್ಲಿ ಒಂದು ಕೀ ಒತ್ತಿ, ನಕ್ಕುಬಿಟ್ಟರು. ‘ಅಪ್ಪಾ, ಮೊದಲು ನಿನ್ನ ಟೇಪ್‌ಗೆ ಹೊಸ ಸೆಲ್ ಹಾಕು’ ಅಂದರು. ಸೆಲ್ ಇಳಿದು ಟೇಪ್ ನಿಧಾನಕ್ಕೆ ಓಡುತ್ತಿತ್ತು. ಹಾಡೆಲ್ಲ ಅರ್ಧ ಸ್ವರ ಕೆಳಗೆ. ನಾನು ಅದಕ್ಕೇ ಗಿಟಾರ್ ಟ್ಯೂನ್ ಮಾಡಿಕೊಂಡಿದ್ದೆ! ನಾಚಿಕೆ ಆಯಿತು, ಜೊತೆಗೆ ಒಂದು ವಿಷಯ ಗೊತ್ತಾಯಿತು. ನನ್ನ ಕಿವಿ ಟೇಪ್‌ಗೆ ನಿಷ್ಠವಾಗಿಯೇ ಇತ್ತು, ಟೇಪ್ ಸುಳ್ಳು ಹೇಳಿತ್ತು ಅಷ್ಟೆ.

ನಿಮಗೆ ಯೂಟ್ಯೂಬ್ ಬೆರಳು ಎಲ್ಲಿಡಬೇಕು ಅಂತ ತೋರಿಸುತ್ತೆ. ಹುಡುಕುವ ಕೆಲಸ ನಿಮಗೆ ಉಳಿಯೋದೇ ಇಲ್ಲ. ಅದಕ್ಕೇ ಕಿವಿ ಸುಮ್ನೆ ಕೂತಿದೆ. ಯೂಟ್ಯೂಬ್ ಬಿಡಿ ಅಂತ ನಾನು ಹೇಳೋದಿಲ್ಲ. ಆ ಕಾಲಕ್ಕೆ ನನಗೆ ಸಿಕ್ಕಿದ್ದರೆ ನಾನೂ ಅದನ್ನೇ ನೋಡುತ್ತಿದ್ದೆ. ಆದರೆ ದಿನಕ್ಕೆ ಇಪ್ಪತ್ತು ನಿಮಿಷ ನುಡಿಸುವುದಾದರೆ ಅದರಲ್ಲಿ ಹತ್ತು ನಿಮಿಷ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಎಷ್ಟೋ ವಾಸಿ.

ಟ್ಯೂನಿಂಗ್‌ನಿಂದ ಶುರು ಮಾಡಿ. ಐದನೇ ತಂತಿ ಒಂದನ್ನು ಮಾತ್ರ ಟ್ಯೂನರ್‌ನಲ್ಲಿ ನೋಡಿಕೊಳ್ಳಿ. ಅದು ಎ, ಸೆಕೆಂಡಿಗೆ 110 ಕಂಪನ. ಉಳಿದ ಐದನ್ನು ಕಿವಿಯಿಂದಲೇ ಮಾಡಿ. ಆರನೇ ತಂತಿಯನ್ನು ಐದನೇ ಫ್ರೆಟ್‌ನಲ್ಲಿ ಒತ್ತಿದರೆ ಬಿಟ್ಟ ಐದನೇ ತಂತಿಯ ಸ್ವರವೇ ಬರಬೇಕು. ಎರಡನ್ನೂ ಒಟ್ಟಿಗೆ ಮೀಟಿ. ಸರಿ ಇಲ್ಲದಿದ್ದರೆ ‘ವಾಂವ್ ವಾಂವ್ ವಾಂವ್’ ಅಂತ ಒಂದು ಅಲೆ ಕೇಳುತ್ತೆ. ಕೀಲಿಯನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಿ. ಹತ್ತಿರ ಬಂದ ಹಾಗೆ ಅಲೆ ನಿಧಾನ ಆಗುತ್ತೆ, ವಾಂ…ವ್, ವಾಂ……ವ್. ಆಮೇಲೆ ನಿಂತೇ ಹೋಗುತ್ತೆ. ಎರಡು ತಂತಿ ಒಂದಾಗಿಬಿಡುತ್ತೆ. ಮೊದಲ ವಾರ ಇದಕ್ಕೇ ಹತ್ತು ನಿಮಿಷ ಹಿಡಿಯಬಹುದು. ಹಿಡಿಯಲಿ. ಮುಂದಿನ ತಂತಿಗಳಿಗೂ ಇದೇ ಲೆಕ್ಕ. ಎರಡನೇ ತಂತಿಗೆ ಮಾತ್ರ, ಮೂರನೇ ತಂತಿಯನ್ನು ನಾಲ್ಕನೇ ಫ್ರೆಟ್‌ನಲ್ಲಿ ಒತ್ತಬೇಕು.

ಆಮೇಲೆ ಹಾಡು. ನಿಮಗೆ ಬಾಯಿಪಾಠ ಇರುವ ಯಾವುದಾದರೂ ಸರಳ ಭಾವಗೀತೆ ತಗೊಳ್ಳಿ. ಹಾಡಿಕೊಳ್ಳಿ. ಸಾಲು ಮುಗಿದಾಗ ಹಾಡು ಎಲ್ಲಿಗೆ ಬಂದು ಕಾಲು ಚಾಚಿ ಕೂರುತ್ತೋ ಅದು ನಿಮ್ಮ ಷಡ್ಜ, ಅಂದರೆ ‘ಸ’. ಅದನ್ನು ಆರನೇ ತಂತಿಯ ಮೇಲೆ ಹುಡುಕಿ. ಮೂರನೇ ಫ್ರೆಟ್‌ನಲ್ಲಿ ಸಿಕ್ಕಿದರೆ ಜಿ. ಆಗ ನಿಮ್ಮ ಕೈಯಲ್ಲಿರುವ ಜಿ, ಸಿ, ಡಿ ಮೂರೂ ಸರಿಯಾಗಿ ಸ, ಮ, ಪ ಮೇಲೆ ಕೂತ ಕಾರ್ಡ್‌ಗಳು. ಬಹಳಷ್ಟು ಹಾಡಿನ ಪಲ್ಲವಿ ಈ ಮೂರರಲ್ಲೇ ಮುಗಿದುಹೋಗುತ್ತೆ. ಎಲ್ಲಿ ಬದಲಾಯಿಸಬೇಕು ಅಂತ ಹೊಟ್ಟೆಗೆ ಅನ್ನಿಸಿದಾಗ ಬದಲಾಯಿಸಿ. ಹೊಂದಲಿಲ್ಲವಾ, ಇನ್ನೊಂದು ಹಾಕಿ. ಎಲ್ಲೋ ಒಂದು ಕಡೆ ಮನಸ್ಸು ಮಂಕಾದ ಹಾಗೆ ಅನ್ನಿಸಿದರೆ ಇ ಮೈನರ್ ಪ್ರಯತ್ನಿಸಿ. ದಿನಕ್ಕೆ ಎರಡು ಸಾಲು ಸಾಕು.

ವಯಸ್ಸಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹತ್ತು ವರ್ಷದ ಹುಡುಗನ ಬೆರಳು ನಿಮ್ಮದಕ್ಕಿಂತ ಬೇಗ ಬಗ್ಗುತ್ತೆ, ಒಪ್ಪಿಕೊಳ್ಳೋಣ. ಆದರೆ ಅವನ ತಲೆಯಲ್ಲಿ ಎಷ್ಟು ಹಾಡು ಇದೆ? ನಿಮ್ಮ ತಲೆಯಲ್ಲಿ ನಲವತ್ತು ವರ್ಷದ ರೇಡಿಯೋ, ಟಿವಿ, ಮದುವೆ ಮನೆ, ಜಾತ್ರೆ, ಬಸ್ಸು ಎಲ್ಲ ತುಂಬಿಕೊಂಡಿದೆ. ಕಿವಿಯಿಂದ ಹುಡುಕುವ ಆಟದಲ್ಲಿ ಅದೇ ಬಂಡವಾಳ. ನನ್ನ ಹತ್ತಿರ ಐವತ್ತೆಂಟಕ್ಕೆ ಕಲಿಯಲು ಬಂದ ಒಬ್ಬರು ಎರಡು ವರ್ಷದಲ್ಲಿ ಹಳೆಯ ಹಾಡುಗಳಿಗೆ ತಾವೇ ಕಾರ್ಡ್ ಹುಡುಕಿ ಹಾಕುತ್ತಿದ್ದರು. ಬಾರ್ ಕಾರ್ಡ್ ಮಾತ್ರ ಕೊನೆವರೆಗೂ ಬರಲಿಲ್ಲ. ಅವರಿಗೆ ಅದರ ಚಿಂತೆಯೂ ಇರಲಿಲ್ಲ, ಎಲ್ಲಕ್ಕೂ ಕೇಪೋ ಹಾಕಿಕೊಳ್ಳುತ್ತಿದ್ದರು.

ಕೈ ನಡುಗುವುದಕ್ಕೆ ನನ್ನ ಹತ್ತಿರ ಮದ್ದಿಲ್ಲ. ನನಗೆ ಇವತ್ತಿಗೂ ವೇದಿಕೆ ಹತ್ತುವ ಮುಂಚೆ ಬೆರಳು ತಣ್ಣಗಾಗುತ್ತೆ. ಪ್ಯಾಂಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿರುತ್ತೇನೆ, ನೋಡಿದವರು ಜಂಭ ಅಂದುಕೊಳ್ಳುತ್ತಾರೆ. ಆರ್ಕೆಸ್ಟ್ರಾ ಒಂದು ವಿಷಯ ಕಲಿಸಿತು. ಜನ ತಪ್ಪು ಸ್ವರವನ್ನು ಕ್ಷಮಿಸುತ್ತಾರೆ, ಎಷ್ಟೋ ಸಲ ಗಮನಿಸುವುದೂ ಇಲ್ಲ. ತಾಳ ನಿಂತರೆ ಮಾತ್ರ ಮಲಗಿದ್ದವರೂ ಎದ್ದು ನೋಡುತ್ತಾರೆ. ಒಮ್ಮೆ ರಾತ್ರಿ ಒಂದೂವರೆ ಗಂಟೆಗೆ ಗಾಯಕರ ಗಂಟಲು ಕೈಕೊಟ್ಟಿತು. ಹಾಡಿನ ಮುನ್ನುಡಿ ಓಡುತ್ತಿರುವಾಗಲೇ ತಿರುಗಿ ‘ಒಂದು ಸ್ಕೇಲ್ ಇಳಿಸ್ರಪ್ಪಾ’ ಅಂದರು. ಕಾರ್ಡ್ ಉರು ಹೊಡೆದವನಾಗಿದ್ದರೆ ಅಲ್ಲೇ ಮುಗಿಯುತ್ತಿತ್ತು ನನ್ನ ಕಥೆ. ಮೊದಲ ನಾಲ್ಕು ಆವರ್ತ ಕಾರ್ಡ್ ಹಿಡಿಯದೆ ತಂತಿಯ ಮೇಲೆ ಅಂಗೈ ಇಟ್ಟು ಬರೀ ‘ಚಕ್ ಚಕ್’ ಅಂತ ತಾಳ ಬಾರಿಸಿದೆ. ಅಷ್ಟರಲ್ಲಿ ಕಿವಿಗೆ ಹೊಸ ಷಡ್ಜ ಸಿಕ್ಕಿತು. ಯಾರಿಗೂ ಗೊತ್ತಾಗಲಿಲ್ಲ. (ಆ ರಾತ್ರಿಯ ದುಡ್ಡನ್ನು ಸಮಿತಿಯವರು ಕೊಡಲೇ ಇಲ್ಲ ಅನ್ನೋದು ಬೇರೆ ಮಾತು. ಬೆಳಗಿನ ಜಾವ ಆಂಪ್ಲಿಫೈಯರ್ ಹೊತ್ತುಕೊಂಡು ಬಸ್‌ಸ್ಟ್ಯಾಂಡ್‌ಗೆ ನಡೆದೆವು.) ನೀವೂ ಹಾಗೆ ಮಾಡಿ. ತಪ್ಪಿದರೆ ಎಡಗೈ ನಿಲ್ಲಲಿ, ಬಲಗೈ ನಿಲ್ಲದಿರಲಿ.

ಗ್ರೇಡ್ ಪರೀಕ್ಷೆ. ಟ್ರಿನಿಟಿ, ಎಬಿಆರ್‌ಎಸ್‌ಎಂ ಥರದ ಲಂಡನ್ ಸಂಸ್ಥೆಗಳ ಪರೀಕ್ಷೆಗಳು ಎಂಟು ಗ್ರೇಡ್‌ವರೆಗೆ ಇವೆ, ಬೆಂಗಳೂರಿನಲ್ಲಿ ತುಂಬಾ ಮಕ್ಕಳು ಕಟ್ಟುತ್ತಾರೆ. ಸ್ಟಾಫ್ ನೊಟೇಶನ್ ಓದಬೇಕು, ಕ್ರಮವಾಗಿ ಕಲಿಯಬೇಕು ಅನ್ನುವವರಿಗೆ ಒಳ್ಳೆಯ ದಾರಿ. ನಿಮ್ಮ ಆಸೆ ಮಗಳ ಜೊತೆ ನುಡಿಸೋದು. ಅದಕ್ಕೆ ಸರ್ಟಿಫಿಕೇಟ್ ಯಾಕೆ? ಈಗ ಬೇಡ.

ಪಕ್ಕದ ಮನೆ ಹುಡುಗನಿಗೆ ಧಾರಾಳವಾಗಿ ಹೇಳಿಕೊಡಿ. ‘ನನಗೆ ನಾಲ್ಕು ಕಾರ್ಡ್ ಬರುತ್ತೆ, ಅಷ್ಟನ್ನು ಕಲಿಸ್ತೀನಿ, ಆಮೇಲೆ ಮೇಷ್ಟ್ರನ್ನು ಹುಡುಕೋಣ’ ಅಂತ ಅವನ ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ. ಅವನಿಗೆ ಎಂಟೊಂಬತ್ತು ವರ್ಷ ಆಗಿದ್ದರೆ ನಿಮ್ಮ ಗಿಟಾರ್ ಕೊಡಬೇಡಿ, ಮುಕ್ಕಾಲು ಸೈಜಿನದು ಬೇಕು. ನಾನು ಪಾಠ ಶುರು ಮಾಡಿದ ಹೊಸದರಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಮಕ್ಕಳು ಬಂದು ಕೂತರೆ ನಾನೇ ಬಾರಿಸುತ್ತಿದ್ದೆ. ವೇಗವಾಗಿ, ಕಣ್ಣು ಮುಚ್ಚಿಕೊಂಡು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡೋರು, ನನಗೆ ಖುಷಿ. ಒಬ್ಬಳು ಹುಡುಗಿ ಎರಡು ತಿಂಗಳಿಗೆ ಬಿಟ್ಟಳು. ಯಾಕೆ ಅಂತ ಅವಳ ಅಮ್ಮನನ್ನು ಕೇಳಿದರೆ, ‘ಸಾರ್ ಥರ ನಂಗೆ ಯಾವತ್ತೂ ಬರಲ್ಲ ಅಂತಾಳೆ’ ಅಂದರು. ಈಗ ಮುಕ್ಕಾಲು ಗಂಟೆಯ ಪಾಠದಲ್ಲಿ ನನ್ನ ಗಿಟಾರ್ ಹತ್ತು ನಿಮಿಷಕ್ಕಿಂತ ಜಾಸ್ತಿ ಸದ್ದು ಮಾಡುವುದಿಲ್ಲ.

ಕಲಿಸಲು ಕೂತರೆ ನಿಮಗೂ ಲಾಭ ಇದೆ. ಒಬ್ಬ ಹುಡುಗ ಒಮ್ಮೆ ಕೇಳಿದ, ‘ಸಾರ್, ಎಫ್ ಆದಮೇಲೆ ಎಫ್ ಶಾರ್ಪ್ ಇದೆ. ಇ ಆದಮೇಲೆ ಯಾಕೆ ಸೀದಾ ಎಫ್?’ ಇಪ್ಪತ್ತು ವರ್ಷ ನುಡಿಸಿದ್ದೆ, ಉತ್ತರ ಬರಲಿಲ್ಲ. ‘ಹಾಗೇ ಇರೋದು’ ಅಂದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಆಮೇಲೆ ಗಾರ್ಡ್ ಮೇಷ್ಟ್ರ ಒಂಟಿ ತಂತಿ ನೆನಪಾಯಿತು. ಶಂಕರಾಭರಣ ರಾಗವನ್ನು ಒಂದೇ ತಂತಿಯಲ್ಲಿ ನುಡಿಸಿದರೆ ಬೆರಳು ಬೀಳೋದು 0 (ಅಂದರೆ ಬಿಟ್ಟ ತಂತಿ), 2, 4, 5, 7, 9, 11, 12ನೇ ಫ್ರೆಟ್‌ಗಳಲ್ಲಿ. ಗಾಂಧಾರದಿಂದ ಮಧ್ಯಮಕ್ಕೆ, ನಿಷಾದದಿಂದ ಮೇಲಿನ ಷಡ್ಜಕ್ಕೆ ಒಂದೇ ಹೆಜ್ಜೆ. ಸಿ ಅನ್ನು ‘ಸ’ ಮಾಡಿಕೊಂಡರೆ ಗ ಅಂದರೆ ಇ, ಮ ಅಂದರೆ ಎಫ್. ಪಾಶ್ಚಾತ್ಯರ ಅಕ್ಷರಗಳು ಆ ಏಳು ಸ್ವರಕ್ಕೆ ಇಟ್ಟ ಹೆಸರು, ನಡುವೆ ಜಾಗ ಇದ್ದ ಕಡೆ ಮಾತ್ರ ಶಾರ್ಪ್ ಬಂತು. ಮುಂದಿನ ವಾರ ಹುಡುಗನಿಗೆ ಹೇಳಿದೆ. ಅವನು ಪ್ರಶ್ನೆಯನ್ನೇ ಮರೆತಿದ್ದ.

ಇನ್ನು ಮಗಳು. ಮೊದಲ ಪಾಠವಾದ ಸರಳೆ ವರಸೆಯನ್ನು ಅವಳು ಮಾಯಾಮಾಳವಗೌಳ ರಾಗದಲ್ಲೇ ಕಲಿತಿರುತ್ತಾಳೆ. ಅದು ಒಂದೇ ತಂತಿಯಲ್ಲಿ 0, 1, 4, 5, 7, 8, 11, 12. ಅವಳು ಹಾಡುವಾಗ ಜೊತೆಗೆ ನೀವೂ ನುಡಿಸಿ, ಶ್ರುತಿ ಹೊಂದದಿದ್ದರೆ ಕೇಪೋ ಹಾಕಿಕೊಳ್ಳಿ. ನಿಮಗೆ ಕಿವಿಯ ಪಾಠ, ಅವಳಿಗೆ ಅಪ್ಪನ ತಪ್ಪು ಹಿಡಿಯುವ ಸಂಭ್ರಮ.

ಅವಳ ಶ್ರುತಿ ಐದು ಮನೆ ಆಗಿದ್ದರೆ ನಿಮ್ಮ ಅದೃಷ್ಟ. ಇದು ಹಾರ್ಮೋನಿಯಂ ಮನೆಯ ಲೆಕ್ಕ, ಫ್ರೆಟ್‌ನದಲ್ಲ; ಐದು ಮನೆ ಅಂದರೆ ಜಿ. ಗಿಟಾರ್‌ನ ಮೂರನೇ ತಂತಿ ಜಿ, ನಾಲ್ಕನೆಯದು ಡಿ. ಬಿಟ್ಟ ತಂತಿಯಲ್ಲೇ ಷಡ್ಜ, ಪಂಚಮ ಎರಡೂ ಸಿದ್ಧ ಇವೆ. ನಾಲ್ಕನೇ ತಂತಿ ಒಮ್ಮೆ, ಮೂರನೆಯದು ಎರಡು ಸಲ, ಕೊನೆಗೆ ಆರನೇ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಒಮ್ಮೆ. ಪ, ಸ, ಸ, ಕೆಳಗಿನ ಸ. ಇದು ತಂಬೂರಿಯ ಕ್ರಮವೇ. ನಿಧಾನವಾಗಿ, ಒಂದರ ಸದ್ದು ಆರುವ ಮುಂಚೆ ಇನ್ನೊಂದು. ಎಫ್ ಬೇಡ, ಒಂದು ಬೆರಳು ಸಾಕು. ಐದೂವರೆ ಮನೆಯಾದರೆ ಒಂದನೇ ಫ್ರೆಟ್‌ಗೆ ಕೇಪೋ.

ಹೀಗೆ ಒಂದು ವಾರ ಆದಮೇಲೆ ‘ವರವೀಣಾ’ ಗೀತೆ ಹಾಡಿಸಿ. ಅದು ಮೋಹನ ರಾಗ. ಮ ಇಲ್ಲ, ನಿ ಇಲ್ಲ. ಜಿ ಕಾರ್ಡ್‌ನಲ್ಲಿ ಇರೋದು ಸ, ಗ, ಪ. ಇ ಮೈನರ್‌ನಲ್ಲಿ ದ, ಸ, ಗ. ಎರಡೂ ರಾಗದ ಒಳಗೇ ಇವೆ. ಡಿ ಕಾರ್ಡ್ ಹಾಕಿದಿರೋ, ನಿಷಾದ ನುಗ್ಗುತ್ತೆ. ಸಿ ಹಾಕಿದರೆ ಮಧ್ಯಮ. ಮಗಳು ಮುಖ ಸಿಂಡರಿಸುತ್ತಾಳೆ ನೋಡಿ, ಯಾಕೆ ಅಂತ ಅವಳಿಗೆ ಹೇಳಲು ಬಾರದೇ ಇರಬಹುದು. ಆ ಮುಖ ನಿಮ್ಮ ಟ್ಯೂನರ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತೆ. ರೂಪಕ ತಾಳ, ಆರು ಎಣಿಕೆ. ತಾಳ ಅವಳೇ ಹಾಕಲಿ, ನೀವು ಎಣಿಸೋಕೆ ಹೋಗಬೇಡಿ.